ಓದುವ ಮೂಲೆ, ಒಂದು ಚೀಟಿ

ಪರೀಕ್ಷೆಗೆ ತಿಂಗಳೊಪ್ಪತ್ತು ಉಳಿದಿದೆ ಎನ್ನುವಾಗ ಹಲವು ಮನೆಗಳಲ್ಲಿ ಕೇಳಿಬರುವ ದೂರು ಒಂದೇ: 'ಸಂಜೆ ಆರಕ್ಕೆ ಕೂತವನು ರಾತ್ರಿ ಹತ್ತಕ್ಕೆ ಏಳುತ್ತಾನೆ. ಪ್ರಶ್ನೆ ಕೇಳಿದರೆ ಮಾತ್ರ ಏನೂ ಬರುವುದಿಲ್ಲ.' ಹುಡುಗ ಕೂತದ್ದೇನೋ ನಿಜ. ಆದರೆ ಯಾವ ಪುಸ್ತಕ ಹಿಡಿಯಲಿ ಎಂಬ ಯೋಚನೆಗೆ ಅರ್ಧ ಗಂಟೆ, ಕೈವಾರ ಹುಡುಕಲು ಕಾಲು ಗಂಟೆ. ಮೊಬೈಲ್ ನುಂಗಿದ ಹೊತ್ತಿಗೆ ಲೆಕ್ಕವೇ ಇಲ್ಲ.

'ಇವತ್ತು ಗಣಿತ ಓದಬೇಕು' ಎಂದುಕೊಂಡರೆ ಅದು ಬರಿಯ ಹಾರೈಕೆ. 'ಏಳು ಗಂಟೆಗೆ, ನಡುಮನೆಯ ಮೇಜಿನ ಮುಂದೆ, ವರ್ಗಸಮೀಕರಣದ ಐದು ಲೆಕ್ಕ' ಎಂದು ಚೀಟಿಯಲ್ಲಿ ಬರೆದುಕೊಂಡರೆ ಕೆಲಸಕ್ಕೆ ಆಕಾರ ಬರುತ್ತದೆ. ಮನಶ್ಶಾಸ್ತ್ರಜ್ಞರಾದ ಪೀಟರ್ ಗೋಲ್‌ವಿಟ್ಸರ್ ಮತ್ತು ವೆರೋನಿಕಾ ಬ್ರಾಂಡ್‌ಸ್ಟೆಟರ್ 1997ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನೇ ಪರೀಕ್ಷಿಸಿತ್ತು. ಕ್ರಿಸ್‌ಮಸ್ ಮುನ್ನಾದಿನವನ್ನು ಹೇಗೆ ಕಳೆದಿರೆಂದು ಎರಡು ದಿನಗಳೊಳಗೆ ಬರೆದು ಕಳಿಸುವಂತೆ ವಿದ್ಯಾರ್ಥಿಗಳಿಗೆ ಹೇಳಲಾಗಿತ್ತು. ಕೆಲವರಿಂದ, ಎಲ್ಲಿ, ಯಾವಾಗ ಕೂತು ಬರೆಯುತ್ತೀರಿ ಎಂಬುದನ್ನೂ ಮುಂಚಿತವಾಗಿ ಬರೆಸಿಕೊಂಡರು. ಇವರಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿ ಅವಧಿಯೊಳಗೆ ಬರೆದು ಮುಗಿಸಿದರು. ಉಳಿದವರಲ್ಲಿ ಮೂವರಲ್ಲಿ ಒಬ್ಬರು ಮಾತ್ರ. ಹಬ್ಬದ ಗದ್ದಲದ ನಡುವೆಯೂ ಇಷ್ಟು ವ್ಯತ್ಯಾಸ!

ಚೀಟಿಯನ್ನು ಹಿಂದಿನ ರಾತ್ರಿಯೇ ಬರೆದಿಟ್ಟರೆ ಒಳ್ಳೆಯದು. ಮೂರು ಕೆಲಸ ಸಾಕು. ಮುಗಿಯದೆ ಉಳಿದದ್ದು ನಾಳೆಯ ಮೊದಲ ಸಾಲಾಗಲಿ. ತಾಯಿತಂದೆಯರು ಚೀಟಿ ನೋಡಬಹುದು, ನಾಲ್ಕನೆಯದನ್ನು ಸೇರಿಸಬಾರದು.

ಇನ್ನು ಜಾಗದ ಮಾತು. ಪ್ರತ್ಯೇಕ ಕೋಣೆ ಎಲ್ಲರ ಮನೆಯಲ್ಲೂ ಇರುವುದಿಲ್ಲ, ಇರಲೇಬೇಕೆಂದೂ ಇಲ್ಲ. ಶಾನುಭೋಗರ ಕಾಲದ ಇಳಿಜಾರು ಡೆಸ್ಕು ಅಟ್ಟದ ಮೇಲಿದ್ದರೆ ಧೂಳು ಕೊಡವಿ ಇಳಿಸಿದರಾಯಿತು. ದಿನವೂ ಅದೇ ಮೂಲೆ, ಮುಖ ಗೋಡೆಯ ಕಡೆಗೆ. ಬಲಗೈಯಲ್ಲಿ ಬರೆಯುವವರಿಗೆ ಬೆಳಕು ಎಡದಿಂದ ಬಂದರೆ ಕೈಯ ನೆರಳು ಹಾಳೆಯ ಮೇಲೆ ಬೀಳದು. ಜಾಮಿಟ್ರಿ ಬಾಕ್ಸು, ನೀರಿನ ಬಾಟಲಿ ಕೈಗೆಟುಕುವಂತಿರಲಿ. ಹಾಸಿಗೆಯ ಮೇಲೆ ಓದಲು ಕೂತವರು ಹೇಗೆ ಮಲಗುತ್ತಾರೆಂಬುದನ್ನು ವಿವರಿಸಬೇಕಿಲ್ಲ.

ಮೊಬೈಲನ್ನು ಸೈಲೆಂಟ್ ಮಾಡಿ ಪಕ್ಕದಲ್ಲೇ ಇಟ್ಟುಕೊಂಡರೆ ಸಾಲದೇ? ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು ಸುಮಾರು 800 ಮಂದಿಯ ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಫೋನನ್ನು ಬೇರೆ ಕೋಣೆಯಲ್ಲಿ ಬಿಟ್ಟುಬಂದವರು ಅದನ್ನು ಮೇಜಿನ ಮೇಲಿಟ್ಟುಕೊಂಡವರಿಗಿಂತ ಚೆನ್ನಾಗಿ ಉತ್ತರಿಸಿದ್ದರು. ಆಮೇಲಿನ ಅಧ್ಯಯನಗಳೆಲ್ಲ ಇದನ್ನು ಒಪ್ಪಿಲ್ಲ ಎಂಬುದೂ ನಿಜ. ಆದರೂ ಫೋನನ್ನು ಬೀರುವಿನಲ್ಲಿಡಲು ಖರ್ಚೇನೂ ಇಲ್ಲ. ವಾಟ್ಸ್ಆ್ಯಪ್‌ನಲ್ಲಿ ಬಂದ ನೋಟ್ಸ್ ಬೇಕಿದ್ದರೆ ಓದಲು ಕೂರುವ ಮುನ್ನ ಬರೆದುಕೊಳ್ಳಬಹುದು.

ಮಗಳು ಲೆಕ್ಕ ಬಿಡಿಸುವಾಗ ಪಕ್ಕದಲ್ಲೇ ಅಪ್ಪನ ಮೊಬೈಲ್‌ನಲ್ಲಿ ಕ್ರಿಕೆಟ್ ಕಾಮೆಂಟರಿ ನಡೆಯುತ್ತಿದ್ದರೆ? ಅದೂ ಅದೇ ಬೀರುವಿಗೆ ಸೇರಲಿ, ಏಳರಿಂದ ಎಂಟರವರೆಗೆ.