ಉಸಿರಿನ ನೇಯ್ಗೆ: ಶ್ವಾಸಾಂಗಗಳ ಅಂಗಾಂಶಗಳೂ ಜೀವಕೋಶಗಳೂ

ಮನುಷ್ಯನು ಅನ್ನವಿಲ್ಲದೆ ಕೆಲವು ವಾರ, ನೀರಿಲ್ಲದೆ ಕೆಲವು ದಿನ ಬದುಕಬಲ್ಲನು. ಉಸಿರಿಲ್ಲದೆ ಕೆಲವು ನಿಮಿಷಗಳಿಗಿಂತ ಹೆಚ್ಚು ಬದುಕಲಾರನು. ವಿಶ್ರಾಂತಿಯಲ್ಲಿರುವ ವಯಸ್ಕನು ನಿಮಿಷಕ್ಕೆ 12ರಿಂದ 18 ಬಾರಿ ಉಸಿರಾಡುತ್ತಾನೆ. ಒಂದೊಂದು ಉಸಿರಿನಲ್ಲಿ ಒಳಹೋಗುವ ಗಾಳಿ ಸುಮಾರು ಅರ್ಧ ಲೀಟರು. ದಿನಕ್ಕೆ ಲೆಕ್ಕ ಹಾಕಿದರೆ ಅದು 10,000 ಲೀಟರಿನ ಆಸುಪಾಸಿಗೆ ಬರುತ್ತದೆ. ಹತ್ತು ಲೀಟರು ಹಿಡಿಯುವ ಕೊಡದಿಂದ ಅಳೆದರೆ ಸಾವಿರ ಕೊಡ! ಕುಡಿಯುವ ನೀರನ್ನು ನಾವು ಸೋಸುತ್ತೇವೆ, ಕಾಯಿಸುತ್ತೇವೆ. ಈ ಸಾವಿರ ಕೊಡ ಗಾಳಿಯನ್ನು ಸೋಸಿ, ಬೆಚ್ಚಗೆ ಮಾಡಿ, ರಕ್ತಕ್ಕೆ ಒಪ್ಪಿಸುವವರು ಯಾರು? ಕಣ್ಣಿಗೆ ಕಾಣದ ಜೀವಕೋಶಗಳು.

ಒಂದೇ ಬಗೆಯ ಕೆಲಸಕ್ಕಾಗಿ ಒಟ್ಟುಗೂಡಿದ ಜೀವಕೋಶಗಳ ಸಮೂಹವನ್ನು ಅಂಗಾಂಶವೆನ್ನುತ್ತೇವೆ. ಇಂಗ್ಲಿಷಿನಲ್ಲಿ ಇದಕ್ಕೆ ಟಿಶ್ಯೂ ಎಂದು ಹೆಸರು. ನೇಯ್ದ ಬಟ್ಟೆ ಎಂಬುದೇ ಆ ಪದದ ಮೂಲಾರ್ಥ. 1800ರ ಸುಮಾರಿನಲ್ಲಿ ಫ್ರಾನ್ಸಿನ ವೈದ್ಯ ಬಿಶಾ, ಸೂಕ್ಷ್ಮದರ್ಶಕದ ನೆರವಿಲ್ಲದೆಯೇ, ಮನುಷ್ಯನ ಅಂಗಗಳೆಲ್ಲ 21 ಬಗೆಯ ಇಂತಹ ‘ಬಟ್ಟೆ’ಗಳಿಂದ ಆದವು ಎಂದು ವಿಂಗಡಿಸಿದನು. ಮಗ್ಗದ ಸದ್ದಿನ ನಡುವೆ ಬೆಳೆದ ಸೋಲಾಪುರದ ಕನ್ನಡಿಗರಿಗೆ ಈ ಹೋಲಿಕೆ ಸುಲಭವಾಗಿ ಅರ್ಥವಾದೀತು. ಚಾದರಕ್ಕೊಂದು ನೇಯ್ಗೆ, ತೆಳುವಾದ ಸೀರೆಗೆ ಇನ್ನೊಂದು. ಶ್ವಾಸಾಂಗದಲ್ಲಿಯೂ ಹಾಗೆಯೇ: ಹೊರಗಿನ ಭಾಗದಲ್ಲಿ ದಪ್ಪ ನೇಯ್ಗೆ, ಒಳಗೆ ಹೋದಂತೆ ತೆಳುವು, ಕೊನೆಗೆ ಇದೆಯೋ ಇಲ್ಲವೋ ಎನ್ನುವಷ್ಟು ನವಿರು.

ಹೊರಬಾಗಿಲು

ಮೂಗಿನ ಹೊಳ್ಳೆಯ ಮುಂಭಾಗದಲ್ಲಿರುವುದು ಚರ್ಮವೇ. ಅಲ್ಲಿನ ಒರಟು ಕೂದಲುಗಳು ದೊಡ್ಡ ಕಣಗಳನ್ನು ತಡೆಯುತ್ತವೆ. ಸ್ವಲ್ಪ ಒಳಗೆ ಚರ್ಮವು ಮುಗಿದು ತೇವವುಳ್ಳ ಲೋಳೆಪೊರೆ ಆರಂಭವಾಗುತ್ತದೆ. ಅದರಡಿಯಲ್ಲಿ ರಕ್ತನಾಳಗಳ ದಟ್ಟವಾದ ಜಾಲವಿದೆ. ಚಳಿಗಾಲದ ಬೆಳಗಿನ ಗಾಳಿಯಾಗಲಿ, ಬೇಸಿಗೆಯ ಒಣ ಬಿಸಿಗಾಳಿಯಾಗಲಿ, ಈ ಜಾಲದ ಮೇಲೆ ಹಾದು ಶ್ವಾಸಕೋಶಗಳನ್ನು ಸೇರುವಷ್ಟರಲ್ಲಿ ದೇಹದ ಉಷ್ಣತೆಗೂ ತೇವಕ್ಕೂ ಹೊಂದಿಕೊಳ್ಳುತ್ತದೆ. ಬಾಯಿಯಿಂದ ಉಸಿರಾಡುವವರಿಗೆ ಈ ಸೌಲಭ್ಯದ ಬಹುಭಾಗ ತಪ್ಪಿಹೋಗುತ್ತದೆ. ಮೂಗಿನ ಮೇಲ್ಛಾವಣಿಯ ಸಣ್ಣದೊಂದು ಭಾಗದಲ್ಲಿ ವಾಸನೆಯನ್ನು ಗ್ರಹಿಸುವ ನರಕೋಶಗಳಿವೆ. ಹೊರಗಿನ ಗಾಳಿಗೆ ನೇರವಾಗಿ ಮೈಯೊಡ್ಡಿರುವ ನರಕೋಶಗಳೆಂದರೆ ಇವೇ.

ನಿಲ್ಲದ ಕಸಪೊರಕೆ

ಗಂಟಲನ್ನೂ ಧ್ವನಿಪೆಟ್ಟಿಗೆಯನ್ನೂ ದಾಟಿದ ಗಾಳಿ ಶ್ವಾಸನಾಳಕ್ಕೆ ಇಳಿಯುತ್ತದೆ. ಈ ನಾಳ ಕುಸಿಯದಂತೆ 16ರಿಂದ 20 ಮೃದ್ವಸ್ಥಿಯ ಬಳೆಗಳು ಅದನ್ನು ಹಿಡಿದು ನಿಲ್ಲಿಸಿವೆ. ಬಳೆಗಳು ಪೂರ್ಣ ವೃತ್ತಗಳಲ್ಲ. ಕುದುರೆಯ ಲಾಳದಂತೆ ಹಿಂಬದಿಗೆ ತೆರೆದಿವೆ. ಆ ತೆರಪನ್ನು ಸ್ನಾಯು ಮುಚ್ಚಿದೆ. ಹಿಂದೆಯೇ ಇರುವ ಅನ್ನನಾಳದಲ್ಲಿ ದೊಡ್ಡ ತುತ್ತು ಇಳಿಯುವಾಗ ಉಬ್ಬಲು ಇದರಿಂದ ಎಡೆ ದೊರೆಯುತ್ತದೆ.

ನಾಳದ ಒಳಮೈಯನ್ನು ಹೊದಿಸಿರುವ ಅಂಗಾಂಶದಲ್ಲಿ ಮುಖ್ಯವಾಗಿ ಮೂರು ಬಗೆಯ ಜೀವಕೋಶಗಳಿವೆ. ಮೊದಲನೆಯವು ಕಂಬದಂತೆ ನಿಂತ ಲೋಮಾಂಗಕೋಶಗಳು. ಒಂದೊಂದರ ತುದಿಯಲ್ಲಿಯೂ ಸುಮಾರು 200 ಅತಿಸೂಕ್ಷ್ಮ ಎಳೆಗಳು, ಅಂದರೆ ಲೋಮಾಂಗಗಳು, ಇವೆ. ಎರಡನೆಯವು ಬಟ್ಟಲಿನಾಕಾರದ ಲೋಳೆಕೋಶಗಳು. ಮೂರನೆಯವು ತಳಕೋಶಗಳು, ಸವೆದು ಉದುರಿದ ಕೋಶಗಳ ಸ್ಥಾನವನ್ನು ಇವು ಒಡೆದು ಬೆಳೆದು ತುಂಬುತ್ತವೆ. ಶತಮಾನಗಳಿಂದ ಪರಿಚಿತವಾದ ಅಂಗದಲ್ಲಿ ಇನ್ನೇನು ಹೊಸತು ಸಿಕ್ಕೀತು ಎಂದುಕೊಳ್ಳುವಂತಿಲ್ಲ. ಅಯಾನೊಸೈಟ್ ಎಂಬ, ಅತಿ ವಿರಳವಾದ ಮತ್ತೊಂದು ಕೋಶ ಇದೇ ಹೊದಿಕೆಯಲ್ಲಿ ಪತ್ತೆಯಾದದ್ದು 2018ರಲ್ಲಿ.

ಲೋಳೆಕೋಶಗಳು ಸುರಿಸಿದ ಅಂಟಿಗೆ ಧೂಳು, ಮಸಿ, ರೋಗಾಣು ಎಲ್ಲವೂ ಮೆತ್ತಿಕೊಳ್ಳುತ್ತವೆ. ಲೋಮಾಂಗಗಳು ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಬಾರಿ, ಗಾಳಿಗೆ ತೊನೆಯುವ ಜೋಳದ ಹೊಲದಂತೆ ಅಲೆಅಲೆಯಾಗಿ ಬೀಸುತ್ತ, ಆ ಲೋಳೆಯನ್ನು ನಿಮಿಷಕ್ಕೆ ಕೆಲವು ಮಿಲಿಮೀಟರುಗಳಂತೆ ಗಂಟಲಿನತ್ತ ಮೇಲಕ್ಕೆ ತಳ್ಳುತ್ತವೆ. ಅಲ್ಲಿಗೆ ಬಂದುದನ್ನು ನಾವು ಅರಿಯದೆ ನುಂಗಿಬಿಡುತ್ತೇವೆ. ಹಗಲು ರಾತ್ರಿ ನಡೆಯುವ ಈ ಕಸಗುಡಿಸುವಿಕೆಯೇ ಶ್ವಾಸಕೋಶಗಳ ಮೊದಲ ಕಾವಲು.

ಕವಲುಗಳ ಕಾಡು

ಶ್ವಾಸನಾಳ ಎರಡಾಗಿ, ಅವು ಮತ್ತೆ ಎರಡಾಗಿ, ಹೀಗೆ ಸುಮಾರು 23 ಬಾರಿ ಕವಲೊಡೆಯುತ್ತದೆ. ತಲೆಕೆಳಗಾದ ಆಲದ ಮರವನ್ನು ಊಹಿಸಿಕೊಳ್ಳಬಹುದು. ಕವಲು ಕಿರಿದಾದಂತೆ ಮೃದ್ವಸ್ಥಿಯ ಬಳೆಗಳು ತುಣುಕುಗಳಾಗಿ, ಒಂದು ಮಿಲಿಮೀಟರಿನಷ್ಟು ಕಿರಿದಾದ ನಾಳಗಳಲ್ಲಿ ಪೂರ್ತಿಯಾಗಿ ಮಾಯವಾಗುತ್ತವೆ. ಲೋಳೆಕೋಶಗಳೂ ಕ್ರಮೇಣ ಇಲ್ಲವಾಗುತ್ತವೆ. ಎತ್ತರದ ಕಂಬಕೋಶಗಳು ಗಿಡ್ಡವಾಗುತ್ತವೆ. ಉಳಿಯುವುದು ನಾಳವನ್ನು ಸುತ್ತಿದ ನಯವಾದ ಸ್ನಾಯು. ಇದು ನಮ್ಮ ಇಚ್ಛೆಗೆ ಒಳಪಟ್ಟದ್ದಲ್ಲ. ಆಸ್ತಮಾ ರೋಗಿಗಳಲ್ಲಿ ಈ ಸ್ನಾಯು ಬಿಗಿದು, ಒಳಪೊರೆ ಊದಿಕೊಂಡು ದಾರಿ ಕಿರಿದಾಗುತ್ತದೆ. ಆಸರೆಗೆ ಬಳೆಗಳಿಲ್ಲದ ಕಿರುನಾಳಗಳಲ್ಲಿ ಉಸಿರನ್ನು ಹೊರಬಿಡುವುದೇ ಕಷ್ಟವಾಗಿ ಸಿಳ್ಳಿನಂತಹ ಸದ್ದು ಕೇಳಿಸುತ್ತದೆ.

ಗಾಳಿಗೂಡುಗಳು

ಕವಲುಗಳ ತುದಿಯಲ್ಲಿ ದ್ರಾಕ್ಷಿಗೊಂಚಲಿನಂತೆ ಗಾಳಿಗೂಡುಗಳಿವೆ. 1661ರಲ್ಲಿ ಇಟಲಿಯ ಮಾಲ್ಪಿಗಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ, ಈ ಗೂಡುಗಳನ್ನೂ ಅವುಗಳ ಗೋಡೆಯಲ್ಲಿನ ಲೋಮನಾಳಗಳನ್ನೂ ವರ್ಣಿಸಿದನು. ವಯಸ್ಕನಲ್ಲಿ ಇವುಗಳ ಸಂಖ್ಯೆ 30ರಿಂದ 50 ಕೋಟಿ. ಒಂದೊಂದರ ಅಗಲ ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟು. ಎಲ್ಲವನ್ನೂ ಬಿಡಿಸಿ ಹಾಸಿದರೆ 70 ಚದರ ಮೀಟರು, ಅಂದರೆ ದೊಡ್ಡ ತರಗತಿಯ ಕೋಣೆಯೊಂದರ ನೆಲವನ್ನು ಮುಚ್ಚಿ ಮಿಗುವಷ್ಟು. ನಮ್ಮ ಹೊರಮೈಯ ಚರ್ಮವಾದರೋ ಎರಡು ಚದರ ಮೀಟರನ್ನೂ ಮುಟ್ಟುವುದಿಲ್ಲ.

ಗೂಡಿನ ಗೋಡೆಯಲ್ಲಿ ಎರಡು ಬಗೆಯ ಕೋಶಗಳಿವೆ. ಮೊದಲ ಬಗೆಯವು ಹಪ್ಪಳದಂತೆ ಚಪ್ಪಟೆಯಾಗಿ ಹರಡಿ ಒಳಮೈಯ ಶೇಕಡಾ 95 ಭಾಗವನ್ನು ಆವರಿಸಿವೆ. ಗಾಳಿಗೂ ರಕ್ತಕ್ಕೂ ನಡುವಿನ ತೆರೆ ಅನೇಕ ಕಡೆ ಮಿಲಿಮೀಟರಿನ ಎರಡು ಸಾವಿರದ ಒಂದು ಭಾಗಕ್ಕಿಂತ ದಪ್ಪವಿಲ್ಲ. ಕೆಂಪು ರಕ್ತಕಣವೊಂದು ಈ ತೆರೆಯ ಬದಿಯಲ್ಲಿ ಹಾದುಹೋಗಲು ಹಿಡಿಯುವ ಕಾಲ ಒಂದು ಸೆಕೆಂಡಿಗೂ ಕಡಿಮೆ. ಅಷ್ಟರಲ್ಲಿ ಅದು ಆಮ್ಲಜನಕವನ್ನು ತುಂಬಿಕೊಳ್ಳುತ್ತದೆ, ರಕ್ತವು ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಡುತ್ತದೆ.

ಎರಡನೆಯ ಬಗೆಯವು ಗುಂಡಗಿನ ಪುಟ್ಟ ಕೋಶಗಳು. ಗೂಡಿನ ಒಳಗಿನ ತೇವವು, ನೀರಿನ ಹನಿಯಂತೆ, ತನ್ನನ್ನು ತಾನೇ ಸೆಳೆದುಕೊಂಡು ಗೂಡನ್ನು ಮುದುಡಿಸಲು ನೋಡುತ್ತದೆ. ಇದನ್ನು ತಡೆಯಲು ಈ ಕೋಶಗಳು ಸಾಬೂನಿನ ಗುಣವುಳ್ಳ ಜಿಡ್ಡು ದ್ರವವನ್ನು ಒಸರುತ್ತವೆ. ಅವಧಿಗೆ ಬಹಳ ಮುಂಚೆ ಹುಟ್ಟಿದ ಶಿಶುಗಳಲ್ಲಿ ಇದರ ಕೊರತೆಯಿಂದಲೇ ಉಸಿರು ಕಟ್ಟುತ್ತದೆ ಎಂದು ಅಮೆರಿಕದ ಮೇರಿ ಎಲೆನ್ ಏವರಿ ಮತ್ತು ಜೆರಿ ಮೀಡ್ 1959ರಲ್ಲಿ ತೋರಿಸಿದರು. 1963ರಲ್ಲಿ ಅಧ್ಯಕ್ಷ ಕೆನಡಿಯವರ ನವಜಾತ ಮಗ ಪ್ಯಾಟ್ರಿಕ್ ಎರಡು ದಿನ ತುಂಬುವ ಮೊದಲೇ ತೀರಿಕೊಂಡದ್ದು ಇದೇ ತೊಂದರೆಯಿಂದ. 1980ರಲ್ಲಿ ಜಪಾನಿನ ಫುಜಿವಾರಾ ಮತ್ತು ಸಂಗಡಿಗರು ಹಸುವಿನ ಶ್ವಾಸಕೋಶದಿಂದ ಪಡೆದ ದ್ರವವನ್ನು ಇಂತಹ ಶಿಶುಗಳಿಗೆ ನೀಡಿ ಯಶಸ್ಸು ಕಂಡರು. ಅಂದು ಅಧ್ಯಕ್ಷನ ಮಗನಿಗೂ ದೊರೆಯದ ಚಿಕಿತ್ಸೆ ಇಂದು ಸಾಮಾನ್ಯರ ಶಿಶುಗಳಿಗೂ ದೊರೆಯುತ್ತಿದೆ.

ಗಾಳಿಗೂಡುಗಳಲ್ಲಿ ಲೋಮಾಂಗಗಳಿಲ್ಲ, ಲೋಳೆಯೂ ಇಲ್ಲ. ಅಲ್ಲಿ ಕಾವಲಿರುವವು ಭಕ್ಷಕಕೋಶಗಳು. ಇವು ಗೋಡೆಯ ಮೇಲೆ ತೆವಳುತ್ತ, ಒಳನುಸುಳಿದ ಕಣಗಳನ್ನು ನುಂಗುತ್ತವೆ.

ಧೂಳೂ ಹೊಗೆಯೂ

ಈ ವ್ಯವಸ್ಥೆ ಎಷ್ಟು ಸೊಗಸಾದುದೋ ಅಷ್ಟೇ ಸೂಕ್ಷ್ಮವಾದುದು. ತಂಬಾಕಿನ ಹೊಗೆ ಲೋಮಾಂಗಗಳ ಚಲನೆಯನ್ನು ಕುಗ್ಗಿಸುತ್ತದೆ, ಲೋಳೆಕೋಶಗಳನ್ನು ಹೆಚ್ಚಿಸುತ್ತದೆ. ಕಸ ಹೆಚ್ಚಾಯಿತು, ಪೊರಕೆ ನಿಂತಿತು. ಆಗ ಉಳಿಯುವ ಉಪಾಯ ಕೆಮ್ಮು ಒಂದೇ. ಬೀಡಿ ಸೇದುವವರ ಬೆಳಗಿನ ಕೆಮ್ಮಿನ ಕಾರಣ ಇದು. ಕಲ್ಲು ಒಡೆಯುವಲ್ಲಿ ಏಳುವ ಸಿಲಿಕಾ ಧೂಳನ್ನು ನುಂಗಿದ ಭಕ್ಷಕಕೋಶಗಳು ತಾವೇ ಸಾಯುತ್ತವೆ. ಅಲ್ಲಿ ನವಿರಾದ ಗೋಡೆಯ ಬದಲು ಗಟ್ಟಿ ಕಲೆ ಬೆಳೆಯುತ್ತದೆ. ಹತ್ತಿಯ ಧೂಳಿನಿಂದ, ಮುಖ್ಯವಾಗಿ ಹತ್ತಿ ಹಿಂಜುವ ಮತ್ತು ನೂಲುವ ವಿಭಾಗಗಳಲ್ಲಿ, ಬಿಸಿನೋಸಿಸ್ ಎಂಬ ರೋಗ ಬರುತ್ತದೆ. ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೊದಲ ದಿನವೇ ಎದೆ ಬಿಗಿಯುವುದು ಅದರ ಕುರುಹು. ಸೋಲಾಪುರದ ಹಳೆಯ ಗಿರಣಿಗಳು ಮುಚ್ಚಿ ದಶಕಗಳು ಕಳೆದಿದ್ದರೂ ಮಗ್ಗಗಳು ನಡೆಯುತ್ತಿವೆ, ಬೀಡಿ ಕಟ್ಟುವ ಮನೆಗಳಲ್ಲಿ ತಂಬಾಕಿನ ಪುಡಿ ಹಾರುತ್ತಿದೆ, ಹಳ್ಳಿಗಳ ಎಷ್ಟೋ ಒಲೆಗಳಲ್ಲಿ ಕುಳ್ಳು, ತೊಗರಿಕಟ್ಟಿಗೆ ಉರಿಯುತ್ತಿವೆ.

ಇಲ್ಲಿ ನೆನಪಿಡಬೇಕಾದ ಭೇದವೊಂದಿದೆ. ಮೇಲಿನ ನಾಳಗಳ ಹೊದಿಕೆಗೆ ತಳಕೋಶಗಳ ಬಲವಿದೆ. ಧೂಮಪಾನ ಬಿಟ್ಟವರಲ್ಲಿ ಲೋಮಾಂಗಗಳು ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತವೆ. ಗಾಳಿಗೂಡಿನಲ್ಲಿ ಸಣ್ಣ ಗಾಯಗಳನ್ನು ಎರಡನೆಯ ಬಗೆಯ ಕೋಶಗಳು ಮಾಯಿಸಬಲ್ಲವು. ಆದರೆ ವರ್ಷಗಳ ಹೊಗೆಯಿಂದ ಗೋಡೆಗಳೇ ಹರಿದು ಗೂಡುಗಳು ಒಂದಾಗಿಬಿಟ್ಟರೆ ಅವನ್ನು ಮತ್ತೆ ಕಟ್ಟಿಕೊಡುವ ಔಷಧ ಇಂದಿಗೂ ಇಲ್ಲ. ಹರಿದ ಚಾದರಕ್ಕೆ ರಫೂ ಹಾಕಬಹುದು, ಈ ನೇಯ್ಗೆಗೆ ಹಾಕಲಾಗದು.

ಇನ್ನೊಂದು ಮಾತು. ಹುಟ್ಟಿದ ಮಗುವಿನಲ್ಲಿ ಗಾಳಿಗೂಡುಗಳ ಅಲ್ಪಭಾಗ ಮಾತ್ರ ಸಿದ್ಧವಾಗಿರುತ್ತದೆ. ಬಹುಪಾಲು ಮೂಡುವುದು ಬಾಲ್ಯದ ಮೊದಲ ವರ್ಷಗಳಲ್ಲಿ. ಆದುದರಿಂದ ಮಗುವನ್ನು ಮಡಿಲಲ್ಲಿಟ್ಟುಕೊಂಡು ಹೊಗೆಯ ಒಲೆಯ ಮುಂದೆ ಕೂರುವುದು, ಮಕ್ಕಳಿರುವ ಕೋಣೆಯಲ್ಲಿ ಬೀಡಿ ಹಚ್ಚುವುದು, ನೇಯುತ್ತಿರುವ ಬಟ್ಟೆಯನ್ನು ಮಗ್ಗದ ಮೇಲೆಯೇ ಸುಟ್ಟಂತೆ. ಅಡುಗೆಮನೆಗೆ ಹೊಗೆಗಂಡಿ, ಧೂಳಿನ ಕೆಲಸಕ್ಕೆ ಯೋಗ್ಯವಾದ ಮುಸುಕು, ಮೂರು ವಾರಕ್ಕೂ ಮೀರಿದ ಕೆಮ್ಮಿಗೆ ವೈದ್ಯರ ಪರೀಕ್ಷೆ, ಇವು ದೊಡ್ಡ ಖರ್ಚಿನ ಮಾತುಗಳಲ್ಲ. ನಮ್ಮ ಶಾಲೆಯ ಅಂಗಳದಲ್ಲಿ ಓಡಿ ಬೆಳೆದವರು ಇಂದು ತಂದೆತಾಯಿಗಳು, ಅಜ್ಜ ಅಜ್ಜಿಯರು. ಅದೇ ಅಂಗಳದಲ್ಲಿ ಓಡುವ ಮುಂದಿನವರ ಉಸಿರು ದಣಿಯದಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಕೈಯಲ್ಲಿದೆ.