ವಸ್ತುಮೂಲ

ಋಷಿಮೂಲ, ನದೀಮೂಲಗಳನ್ನು ಕೆದಕಬಾರದೆಂಬುದು ಹಿರಿಯರ ಮಾತು. ಋಷಿಗೂ ನದಿಗೂ ಸಲ್ಲುವ ಈ ದಾಕ್ಷಿಣ್ಯವನ್ನು ನಾವು ಪೇಟೆಯಿಂದ ತಂದ ಸಾಮಾನಿಗೂ ತೋರಿಸುತ್ತ ಬಂದಿದ್ದೇವೆ. ಕಬ್ಬಿಣದ ಬಾಣಲೆಯ ತೂಕ ನೋಡುತ್ತೇವೆ, ಬೆಲೆಯಲ್ಲಿ ಚೌಕಾಸಿ ಮಾಡುತ್ತೇವೆ. ಅದರ ಅದಿರು ಯಾವ ಬೆಟ್ಟದ್ದು, ಅದನ್ನು ಕರಗಿಸಲು ಏನನ್ನು ಉರಿಸಿದರು ಎಂದು ಕೇಳುವುದಿಲ್ಲ. ಈಗ ಜಗತ್ತಿನ ಕೆಲವು ದೊಡ್ಡ ಮಾರುಕಟ್ಟೆಗಳು ಇದನ್ನೇ ಕೇಳತೊಡಗಿವೆ. ಉತ್ತರವನ್ನು ಬರೆದಿಡುವ ವಿದ್ಯುನ್ಮಾನ ಕಡತಕ್ಕೆ ‘ಡಿಜಿಟಲ್ ಉತ್ಪನ್ನ ಪಾಸ್‌ಪೋರ್ಟ್’ ಎಂದು ಹೆಸರು.

ಇಂಥ ಕಡತ ಏತಕ್ಕೆ ಬೇಕು? ಭದ್ರಾವತಿಯ ಇತಿಹಾಸವೇ ಇದಕ್ಕೆ ಒಳ್ಳೆಯ ಉತ್ತರ. ಇಲ್ಲಿ ಭದ್ರಾ ನದಿಯ ಒಂದು ದಡದಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವನ್ನು ನಡುವೆ ಇಟ್ಟುಕೊಂಡ ಓಲ್ಡ್ ಟೌನ್. ಇನ್ನೊಂದು ದಡದಲ್ಲಿ ಕಾರ್ಖಾನೆಯ ಜೊತೆಗೇ ಬೆಳೆದ ನ್ಯೂ ಟೌನ್. ವಿಶ್ವೇಶ್ವರಯ್ಯನವರ ಕನಸಿನಿಂದ ಹುಟ್ಟಿದ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ 1923ರ ಜನವರಿಯಲ್ಲಿ ಕೆಲಸ ಆರಂಭಿಸಿತು. ಅದಿರು ಬಾಬಾಬುಡನ್‌ಗಿರಿ ಶ್ರೇಣಿಯ ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು. ಇದ್ದಿಲು ಸುತ್ತಲ ಮಲೆನಾಡಿನ ಮರಗಳಿಂದ. ಮುಂದೆ ಜೋಗದ ನೀರಿನಿಂದ ಹುಟ್ಟಿದ ವಿದ್ಯುತ್ತು ದೊರೆತ ಮೇಲೆ ವಿದ್ಯುತ್ ಕುಲುಮೆಗಳೂ ಬಂದವು.

ಇದ್ದಿಲಿನಿಂದ ತೆಗೆದ ಕಬ್ಬಿಣವನ್ನೂ ಕಲ್ಲಿದ್ದಲ ಕೋಕ್‌ನಿಂದ ತೆಗೆದ ಕಬ್ಬಿಣವನ್ನೂ ಅಕ್ಕಪಕ್ಕ ಇಟ್ಟು ನೋಡಿ. ತಕ್ಕಡಿಯಲ್ಲಿ ಎರಡೂ ಒಂದೇ. ಕಡಿದ ಮರದ ಜಾಗದಲ್ಲಿ ಬೇರೊಂದು ಮರ ಬೆಳೆಯಿತೆ? ಕಬ್ಬಿಣ ಹೇಳಲಾರದು. ಇಂದು ಜಗತ್ತಿನಲ್ಲಿ ಒಂದು ಟನ್ ಉಕ್ಕು ತಯಾರಾಗುವಾಗ ಸರಾಸರಿ ಎರಡು ಟನ್ನಿಗೆ ಸಮೀಪದಷ್ಟು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಗುಜರಿ ಕಬ್ಬಿಣವನ್ನು ವಿದ್ಯುತ್ತಿನಲ್ಲಿ ಕರಗಿಸಿದರೆ ಇದು ಬಹಳ ಕಡಿಮೆ. ಈ ಅಂತರ ವಸ್ತುವಿನಲ್ಲಿ ಕಾಣುವುದಿಲ್ಲವಾದ್ದರಿಂದ ಬರಹದಲ್ಲಿಯೇ ಉಳಿಯಬೇಕು.

ಯೂರೋಪಿಯನ್ ಒಕ್ಕೂಟ ಇದಕ್ಕಾಗಿ ಮಾಡಿದ ಕಾನೂನು 2024ರ ಜುಲೈ 18ರಂದು ಜಾರಿಗೆ ಬಂದಿತು. ಅದರಡಿ ಮೊದಲು ಕೈಗೆತ್ತಿಕೊಳ್ಳಲು 2025ರಲ್ಲಿ ಆರಿಸಿದ ಪದಾರ್ಥಗಳಲ್ಲಿ ಬಟ್ಟೆ, ಟೈರು, ಪೀಠೋಪಕರಣಗಳೊಡನೆ ಕಬ್ಬಿಣ ಮತ್ತು ಉಕ್ಕೂ ಸೇರಿವೆ. ವಿದ್ಯುತ್ ವಾಹನಗಳ ಬ್ಯಾಟರಿಗೆ ಪಾಸ್‌ಪೋರ್ಟ್ ಕಡ್ಡಾಯವಾಗಲು ಬೇರೊಂದು ಕಾನೂನು ಗೊತ್ತುಮಾಡಿದ ದಿನ 2027ರ ಫೆಬ್ರವರಿ 18. ಏರ್ಪಾಡು ಸರಳವಾದದ್ದು. ವಸ್ತುವಿಗೆ ಒಂದು ಗುರುತಿನ ಸಂಖ್ಯೆ. ಅದನ್ನು ಹೊತ್ತ ಚೌಕುಳಿಯ ಕ್ಯೂಆರ್ ಗುರುತು. ಮೊಬೈಲನ್ನು ಅದರ ಮುಂದೆ ಹಿಡಿದರೆ ಕಡತ ತೆರೆಯುತ್ತದೆ. ಯಾವುದರಿಂದ ಮಾಡಿದ್ದು, ದುರಸ್ತಿ ಹೇಗೆ, ಹಳತಾದ ಮೇಲೆ ಏನು ಮಾಡಬೇಕು ಎಂಬುದು ಗಿರಾಕಿಗೆ ಕಾಣುತ್ತದೆ. ವ್ಯಾಪಾರದ ಗುಟ್ಟುಗಳು ಅಧಿಕಾರವುಳ್ಳವರಿಗೆ ಮಾತ್ರ.

ಒಮ್ಮೆ ಬರೆದದ್ದನ್ನು ಆಮೇಲೆ ಯಾರೂ ಗುಟ್ಟಾಗಿ ತಿದ್ದದಂತೆ ಗಣಕಯಂತ್ರ ಕಾಯಬಲ್ಲದು. ಆದರೆ ಮೊದಲ ಸಾಲನ್ನೇ ಸುಳ್ಳು ಬರೆದರೆ ಅದು ಆ ಸುಳ್ಳನ್ನೂ ಅಷ್ಟೇ ನಿಷ್ಠೆಯಿಂದ ಕಾಯುತ್ತದೆ. ಇದು ಕನ್ನಡನಾಡಿಗೆ ಹೊಸ ಪಾಠವಲ್ಲ. ಬಳ್ಳಾರಿಯ ಅದಿರಿಗೂ ಪರವಾನಗಿ ಚೀಟಿಗಳಿದ್ದವು. ಪರವಾನಗಿ ಇಲ್ಲದೆಯೂ, ಮಿತಿಮೀರಿದ ಭಾರ ಹೊತ್ತೂ ಲಾರಿಗಳು ಸಾಗಿದ್ದನ್ನು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ 2011ರ ಜುಲೈ ತಿಂಗಳ ವರದಿ ಬಯಲಿಗಿಟ್ಟಿತು. ಅದೇ ತಿಂಗಳು 29ರಂದು ಸುಪ್ರೀಂ ಕೋರ್ಟು ಆ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಿತು. ಅಲ್ಲಿಂದೀಚೆಗೆ ಕಾಗದದ ಚೀಟಿಯ ಜಾಗಕ್ಕೆ ಗಣಕೀಕೃತ ಪರವಾನಗಿ ಬಂದಿದೆ. ಆದರೂ ತೂಕದ ಸೇತುವೆಯ ಬಳಿ ನಿಂತ ಮನುಷ್ಯ ಪ್ರಾಮಾಣಿಕನಾಗಿರಬೇಕಾದದ್ದು ತಪ್ಪಲಿಲ್ಲ.

ಹಾಗಾದರೆ ಸುಳ್ಳನ್ನು ಹಿಡಿಯುವ ಬಗೆ ಯಾವುದು? ಹಲವರ ಲೆಕ್ಕಗಳನ್ನು ಒಂದರ ಪಕ್ಕ ಒಂದನ್ನು ಇಡುವುದು. ಒಳ್ಳೆಯ ಅದಿರಾದ ಹೆಮಟೈಟ್ ಅಪ್ಪಟ ಶುದ್ಧವಾಗಿದ್ದರೂ ಅದರಲ್ಲಿ ನೂರಕ್ಕೆ 70 ಪಾಲು ಮಾತ್ರ ಕಬ್ಬಿಣ. ನೂರು ಟನ್ ಅದಿರು ಕೊಂಡೆನೆಂದು ಬರೆದವನು ಅದರಿಂದ ಎಂಬತ್ತು ಟನ್ ಕಬ್ಬಿಣ ತೆಗೆದು ಮಾರಿದೆನೆಂದರೆ, ಲೆಕ್ಕದಲ್ಲಿಲ್ಲದ ಅದಿರು ಎಲ್ಲಿಂದಲೋ ಬಂದಿರಬೇಕು. ಗಣಿ, ಲಾರಿ, ಕುಲುಮೆ, ಮಳಿಗೆ ಇವುಗಳ ಪುಸ್ತಕಗಳು ಬೇರೆಬೇರೆ ಕಡೆ ಬೀರುವಿನಲ್ಲಿದ್ದಾಗ ಇದು ಹೊಳೆಯದು. ಒಂದೆಡೆ ತೆರೆದಿಟ್ಟಾಗ ಕೂಡಿಸಿ ಕಳೆಯಬಲ್ಲ ಯಾರಿಗಾದರೂ ಹೊಳೆಯುತ್ತದೆ. ಪಾಸ್‌ಪೋರ್ಟಿನ ನಿಜವಾದ ಬಲ ಇರುವುದು ಇಲ್ಲಿ.

ಆದರೆ ಬರೆಯುವ ಶ್ರಮ ಯಾರದು ಎಂಬುದನ್ನೂ ಯೋಚಿಸಬೇಕು. ನೆರೆಯ ಚಿಕ್ಕಮಗಳೂರಿನ ಕಾಫಿಯನ್ನೇ ತೆಗೆದುಕೊಳ್ಳಿ. 2020ರ ಡಿಸೆಂಬರ್ 31ರ ಬಳಿಕ ಕಾಡು ಕಡಿದು ಮಾಡಿದ ತೋಟದ ಬೆಳೆ ತಮಗೆ ಬೇಡವೆಂದು ಯೂರೋಪು 2023ರಲ್ಲಿ ಇನ್ನೊಂದು ಕಾನೂನು ಮಾಡಿತು. ಅದರ ಜಾರಿ ಒಂದಕ್ಕಿಂತ ಹೆಚ್ಚು ಸಲ ಮುಂದಕ್ಕೆ ಹೋಯಿತಾದರೂ, ಪ್ರತಿ ತೋಟದ ಅಕ್ಷಾಂಶ ರೇಖಾಂಶ ಕೊಡಬೇಕೆಂಬ ಷರತ್ತು ಅದರ ತಿರುಳು. ದೊಡ್ಡ ಎಸ್ಟೇಟಿಗೆ ಇದು ಗುಮಾಸ್ತರ ಒಂದು ದಿನದ ಕೆಲಸ. ಅಣ್ಣತಮ್ಮಂದಿರಲ್ಲಿ ಪಾಲಾಗಿ, ಖಾತೆ ಇನ್ನೂ ಅಜ್ಜನ ಹೆಸರಿನಲ್ಲಿರುವ ಎರಡೆಕರೆಯ ಬೆಳೆಗಾರನಿಗೆ ಹಾಗಲ್ಲ. ಒಂದು ಮರವನ್ನೂ ಕಡಿಯದ ಆತ ಕಾಗದ ಹೊಂದಿಸಲಾರದೆ ಸಂತೆಯಿಂದ ಹೊರಗುಳಿದರೆ ಕಾನೂನಿನ ಉದ್ದೇಶವೇ ತಲೆಕೆಳಗಾಗುತ್ತದೆ. ನೋಂದಣಿಯಲ್ಲಿ ಇಂಥವರಿಗೆ ನೆರವಾಗುವುದು ಸರ್ಕಾರದ, ಸಹಕಾರ ಸಂಘಗಳ ಹೊಣೆ.

ಇದೆಲ್ಲ ದೂರದ ಮಾತೆಂದು ಗೃಹಸ್ಥರು ತಿಳಿಯಬೇಕಾಗಿಲ್ಲ. ಇದರ ಒಂದು ಚಿಕ್ಕ ರೂಪ ಆಗಲೇ ನಮ್ಮ ಮನೆಗಳಿಗೆ ಬಂದಿದೆ. 2023ರ ಏಪ್ರಿಲಿನಿಂದ ಹಾಲ್‌ಮಾರ್ಕ್ ಚಿನ್ನದ ಒಡವೆಗೆ ಅಕ್ಷರ ಅಂಕಿಗಳು ಬೆರೆತ ಆರು ಸ್ಥಾನಗಳ ಗುರುತು ಇರಲೇಬೇಕು. ಭಾರತೀಯ ಮಾನಕ ಬ್ಯೂರೋದ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಒಡವೆಯ ಪರಿಶುದ್ಧತೆ, ಅದನ್ನು ಪರೀಕ್ಷಿಸಿದ ಕೇಂದ್ರ ಇವು ತಿಳಿಯುತ್ತವೆ. ಚಿನ್ನ ಯಾವ ಗಣಿಯದೆಂದು ಅದು ಇನ್ನೂ ಹೇಳುವುದಿಲ್ಲ. ಇರಲಿ. ಮುಂದಿನ ಸಲ ಮದುವೆಗೆ ಸರ ಕೊಳ್ಳುವಾಗ, ಹಣ ಎಣಿಸುವ ಮುನ್ನ ಆ ಆರು ಸ್ಥಾನಗಳನ್ನು ಅಂಗಡಿಯಲ್ಲೇ ನಿಂತು ಪರೀಕ್ಷಿಸಿರಿ. ಗಿರಾಕಿ ಓದುತ್ತಾನೆಂದು ಗೊತ್ತಾದರೆ ಬರೆಯುವವನು ಎಚ್ಚರದಿಂದ ಬರೆಯುತ್ತಾನೆ.