ಕೊಡೋದು ಒಂದ್ರೂಪಾಯಿ, ಅನ್ನೋದು ಹತ್ತು ಮಾತು!

"ಚಿಲ್ಲರೆ ಇಲ್ಲ, ಮುಂದಕ್ಕೆ ಹೋಗು!"

ಚಿಕ್ಕಬಳ್ಳಾಪುರದ ಬಜಾರಿರಲಿ, ಚಿಂತಾಮಣಿಯ ಮಂಡಿಯಿರಲಿ, ಅಂಗಡಿ ಬಾಗಿಲು ತೆಗೆದ ಹೊತ್ತಿನಿಂದ ಈ ಮಾತು ಕಿವಿಗೆ ಬೀಳುತ್ತಲೇ ಇರುತ್ತದೆ. ಬೋಣಿ ಆಗುವ ಮುಂಚೆ ಯಾರಾದರೂ ಬಂದು ಕೈ ಚಾಚಿದರೆ ವ್ಯಾಪಾರಿಗೆ ಸಿಟ್ಟು ಬರೋದು ಸಹಜವೇ. ಕೊಡಲಾಗದಿದ್ದರೆ ಇಲ್ಲ ಅನ್ನಲು ಯಾರ ಅಡ್ಡಿಯೂ ಇಲ್ಲ. ಆದರೆ ಹಣ್ಣು ಹಣ್ಣು ಮುದುಕರಿಗೆ "ಏಯ್, ಹೋಗೋ" ಅನ್ನಬೇಕೆ? "ಮುಂದೆ ನೋಡಿ ತಾತ" ಅಂದರೆ ಗಲ್ಲಾಪೆಟ್ಟಿಗೆಯಲ್ಲಿ ಒಂದು ಕಾಸೂ ಕಡಿಮೆಯಾಗದು.

ಕಷ್ಟದಲ್ಲಿದ್ದವರನ್ನು ಮನುಷ್ಯರಂತೆ ಕಂಡರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ನಮ್ಮ ಜಿಲ್ಲೆಯಲ್ಲೇ ಇದೆ.

ಹೊಸೂರಿನ ಹುಡುಗ

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡ ಕುಟುಂಬವೊಂದರಲ್ಲಿ ಹುಟ್ಟಿದ ಹುಡುಗ ನರಸಿಂಹಯ್ಯ. ಊರಿನಲ್ಲಿ ಹೈಸ್ಕೂಲು ಇರಲಿಲ್ಲ. ಹುಡುಗನಿಗೆ ಓದುವ ಹಟ. 1935ರಲ್ಲಿ ಬಸ್ ಚಾರ್ಜಿಗೂ ಕಾಸಿಲ್ಲದೆ ಸುಮಾರು 80 ಕಿಲೋಮೀಟರ್ ನಡೆದೇ ಬೆಂಗಳೂರು ಸೇರಿದ. ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಿಸಿಕೊಂಡಿತು. ಬಡ ವಿದ್ಯಾರ್ಥಿಗಳ ನಿಲಯದಲ್ಲಿ ಊಟಕ್ಕೆ, ಮಲಗಲಿಕ್ಕೆ ಜಾಗ ಸಿಕ್ಕಿತು.

ಮಾರನೇ ವರ್ಷ, 1936ರಲ್ಲಿ, ಆ ಶಾಲೆಗೆ ಗಾಂಧೀಜಿ ಬಂದರು. ಅವರ ಹಿಂದಿ ಭಾಷಣವನ್ನು ಕನ್ನಡದಲ್ಲಿ ಹೇಳಲು ಪಕ್ಕದಲ್ಲಿ ನಿಂತವನು ಯಾರು ಅಂತೀರಿ? ಇದೇ ಹುಡುಗ! ಧರ್ಮದ ಊಟದವನು ಅಂತ ಹಿಂದಿನ ಬೆಂಚಿಗೆ ತಳ್ಳಿದ್ದರೆ ಆ ಅವಕಾಶ ಎಲ್ಲಿ ಬರುತ್ತಿತ್ತು?

ಮುಂದೆ ಅಮೆರಿಕದ ಓಹಿಯೋದಲ್ಲಿ ಡಾಕ್ಟರೇಟ್ ಪಡೆದು, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿ, 1984ರಲ್ಲಿ ಪದ್ಮಭೂಷಣರಾದ ಡಾ. ಎಚ್. ನರಸಿಂಹಯ್ಯ ಇವರೇ. ಬಂಗಲೆ ಕಟ್ಟಲಿಲ್ಲ, ನ್ಯಾಷನಲ್ ಕಾಲೇಜು ಹಾಸ್ಟೆಲಿನ ಒಂದು ಕೋಣೆಯೇ ಅವರ ಮನೆಯಾಯಿತು. ಪಡೆದದ್ದನ್ನು ಮರೆಯಲೂ ಇಲ್ಲ. ತಮ್ಮ ಕಡೆಯ ಮಕ್ಕಳು ತಮ್ಮ ಹಾಗೆ ನಡೆಯಬೇಕಾಗದಿರಲಿ ಎಂಬಂತೆ ಗೌರಿಬಿದನೂರು, ಬಾಗೇಪಲ್ಲಿಗಳಿಗೂ ನ್ಯಾಷನಲ್ ಕಾಲೇಜು ತಂದರು. 2005ರಲ್ಲಿ ತೀರಿಕೊಂಡರು, ಅವರಿಗೆ ಬಿದ್ದ ಎರಡು ಹೊತ್ತಿನ ಅನ್ನದ ಋಣ ಎಷ್ಟು ಮನೆಗಳಿಗೆ ಬಡ್ಡಿ ಸಮೇತ ಸಂದಿತೋ ಲೆಕ್ಕವಿಟ್ಟವರಿಲ್ಲ.

ಬಸ್ಸಿನೊಳಗಿನ ಮಾತು

ಈಗ ಶಿಡ್ಲಘಟ್ಟದ ಬಸ್ಸು ಹತ್ತೋಣ. 2023ರ ಜೂನ್ 11ರಿಂದ 'ಶಕ್ತಿ' ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಬಿಸಿನೀರಿನಲ್ಲಿ ಕೈಯದ್ದಿ ರೇಷ್ಮೆಗೂಡಿನಿಂದ ನೂಲು ತೆಗೆದು, ಸಾಕಾಗಿ ಬಂದ ಹೆಣ್ಣುಮಗಳೊಬ್ಬಳು ಸೀಟಿನಲ್ಲಿ ಕೂತರೆ, "ಫ್ರೀ ಟಿಕೆಟು, ಸೀಟು ಬೇರೆ ಬೇಕಾ?" ಎಂಬ ಕುಹಕ! ಆ ಟಿಕೆಟಿನ ಬಾಬ್ತು ಭರಿಸಬೇಕಾದ್ದು ಸರ್ಕಾರ. ಆಕೆಯೇನೂ ಯಾರ ಜೇಬಿಗೂ ಕೈ ಹಾಕಿಲ್ಲ. ಪಾಸು ತೋರಿಸುವ ಅಂಗವಿಕಲರ ವಿಷಯವೂ ಅಷ್ಟೇ. ಅದು ಹಕ್ಕು ಸ್ವಾಮಿ, ಭಿಕ್ಷೆಯಲ್ಲ.

ಜೂನ್ ಬಂತೆಂದರೆ ಸ್ಕೂಲುಗಳು ಶುರು. ಹಳ್ಳಿಯ ಹುಡುಗನೊಬ್ಬ ಬಂದು ಎರಡು ನೋಟ್‌ಬುಕ್ ಸಾಲ ಕೇಳಬಹುದು. ಕೊಡೋದು, ಬಿಡೋದು ಅಂಗಡಿ ಯಜಮಾನರ ಇಷ್ಟ. ಆದರೆ ನಾಲ್ಕು ಜನ ಗಿರಾಕಿಗಳ ಎದುರು ಅವರಪ್ಪನ ಹಳೇ ಬಾಕಿ ಎತ್ತಬೇಡಿ. ಬಾಕಿ ಇವತ್ತಲ್ಲ ನಾಳೆ ವಸೂಲಾದೀತು. ತಲೆ ತಗ್ಗಿಸಿ ಇಳಿದ ಹುಡುಗ ಮಾತ್ರ ಆ ಮೆಟ್ಟಿಲನ್ನು ಮತ್ತೆ ಹತ್ತಲಾರ.